ಲಕ್ಷುರಿ ಟ್ಯಾಕ್ಸ್ ಕಟ್ಟಿಯೂ ಗೆಲ್ಲುವ ತಂಡ ಕಟ್ಟಿ: ಎನ್‌ಬಿಎ ಮ್ಯಾನೇಜರ್ ಆಗಬಯಸುವವರಿಗೆ 10 ಸೂತ್ರಗಳು

ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡವೊಂದರ ಜನರಲ್ ಮ್ಯಾನೇಜರ್ ಕುರ್ಚಿಯಲ್ಲಿ ಕೂರಬೇಕು ಅನ್ನುವ ಆಸೆ ಇದೆಯೇ? ಇಟ್ಟುಕೊಳ್ಳಿ. ಅಮೆರಿಕದಲ್ಲೇ ಹುಟ್ಟಿದವರಿಗೆ ಮಾತ್ರ ಮೀಸಲಾದ ಕುರ್ಚಿ ಅದಲ್ಲ. ಮಾಲೀಕರ ಕುರ್ಚಿಯೂ ಅಷ್ಟೇ: ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ 2013ರಿಂದ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಮಾಲೀಕರ ಗುಂಪನ್ನು ಮುನ್ನಡೆಸುತ್ತಿದ್ದಾರೆ. ನೀವು ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದುತ್ತಿರಬಹುದು, ಡೇಟಾ ಟೀಮಿನಲ್ಲಿ ದುಡಿಯುತ್ತಿರಬಹುದು, ಬೆಳಗಿನ ಕಾಫಿ ಜೊತೆ ಪಂದ್ಯ ನೋಡುವ ಅಭಿಮಾನಿ ಇರಬಹುದು. ‘ಈ ಲೆಕ್ಕವೆಲ್ಲ ನನ್ನ ತಲೆಗೆ ಹತ್ತಲ್ಲ’ ಅನ್ನುವ ಮಾತನ್ನು ಮೊದಲು ಬಿಡಿ. ಅದು ಬರೀ ಅಭ್ಯಾಸ. ಅಭ್ಯಾಸವನ್ನು ಬದಲಾಯಿಸಬಹುದು.

1. ನಾಲ್ಕು ಗೆರೆಗಳನ್ನು ಬಾಯಿಪಾಠ ಮಾಡಿ

2025-26ರ ಅಂಕಿ ಇವು. ತಂಡದ ಒಟ್ಟು ಸಂಬಳದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, 15.46 ಕೋಟಿ ಡಾಲರ್. ದಾಟಿದರೆ ತೆರಿಗೆ ಬೀಳುವ ಲಕ್ಷುರಿ ಟ್ಯಾಕ್ಸ್ ಗೆರೆ 18.79 ಕೋಟಿ. ಅದರ ಮೇಲೆ, ತಂಡದ ಕೈ ಕಟ್ಟುವ ಎರಡು ‘ಏಪ್ರನ್’ ಗೆರೆಗಳು. ಮೊದಲ ಏಪ್ರನ್ 19.59 ಕೋಟಿ. ಎರಡನೇ ಏಪ್ರನ್ 20.78 ಕೋಟಿ. ಐಪಿಎಲ್ ಹರಾಜಿನಲ್ಲಿ ಪರ್ಸ್ ಖಾಲಿಯಾದರೆ ಕಥೆ ಮುಗಿಯಿತು. ಎನ್‌ಬಿಎಯಲ್ಲಿ ಹಾಗಿಲ್ಲ. ಕ್ಯಾಪ್ ದಾಟಲು ಹಲವು ದಾರಿಗಳಿವೆ. ಅವುಗಳಲ್ಲಿ ದೊಡ್ಡದು, ಹಿಂದಿನ ತಾರೆ ಲ್ಯಾರಿ ಬರ್ಡ್ ಹೆಸರಿನಲ್ಲೇ ಉಳಿದಿರುವ ‘ಬರ್ಡ್ ರೈಟ್ಸ್’. ನಿಮ್ಮದೇ ಆಟಗಾರನನ್ನು ಉಳಿಸಿಕೊಳ್ಳಲು ಕ್ಯಾಪ್ ಮೀರಿ ಸಂಬಳ ಕೊಡಬಹುದು. ಕೊಡಬಹುದು ಅಂದಮೇಲೆ ಬಿಲ್ಲೂ ಬರುತ್ತದೆ. ಆದ್ದರಿಂದ ಪ್ರತಿ ನಿರ್ಧಾರಕ್ಕೂ ಮೊದಲು ಒಂದೇ ಪ್ರಶ್ನೆ ಕೇಳಿ: ಇದಾದ ಮೇಲೆ ನಾವು ಯಾವ ಗೆರೆಯ ಮೇಲಿರುತ್ತೇವೆ?

2. ಟ್ಯಾಕ್ಸನ್ನು ಸಂಬಳದ ಜೊತೆಯಲ್ಲೇ ಕೂಡಿಸಿ

ಇಲ್ಲಿ ಪೆನ್ನು ಹಿಡಿಯಿರಿ. 2025-26ರ ಲೆಕ್ಕದಲ್ಲಿ ಟ್ಯಾಕ್ಸ್ ಗೆರೆ ದಾಟಿದ ಮೊದಲ 56.85 ಲಕ್ಷ ಡಾಲರಿಗೆ, ಡಾಲರಿಗೊಂದು ಡಾಲರ್ ತೆರಿಗೆ. ನಂತರದ ಅಷ್ಟೇ ಮೊತ್ತಕ್ಕೆ 1.25. ಅದರಾಚೆಗಿನದಕ್ಕೆ ಒಮ್ಮೆಲೇ 3.50. ಆಮೇಲೆ 4.75, ಹೀಗೆ ಏರುತ್ತಲೇ ಹೋಗುತ್ತದೆ. ಗೆರೆಗಿಂತ 1.5 ಕೋಟಿ ಡಾಲರ್ ಮೇಲಿರುವ ತಂಡ ಸುಮಾರು 2.55 ಕೋಟಿ ಕಟ್ಟಬೇಕು.

ಹಿಂದಿನ ನಾಲ್ಕು ಸೀಸನ್‌ಗಳಲ್ಲಿ ಮೂರು ಸಲ ಟ್ಯಾಕ್ಸ್ ಕಟ್ಟಿದ ತಂಡ ‘ರಿಪೀಟರ್’. ಅದಕ್ಕೆ ದರಗಳು 3, 3.25, 5.50, 6.75. ಅದೇ 1.5 ಕೋಟಿಗೆ ಅದು ತೆರಬೇಕಾದದ್ದು ಸುಮಾರು 5.55 ಕೋಟಿ.

ಇನ್ನೂ ಹತ್ತಿರ ಹೋಗಿ ನೋಡಿ. ರಿಪೀಟರ್ ತಂಡವೊಂದು ಗೆರೆಗಿಂತ 1.2 ಕೋಟಿ ಮೇಲಿದೆ ಅನ್ನೋಣ. ಬೆಂಚಿನ ತುದಿಗೆ ಒಬ್ಬ ಹಿರಿಯ ಆಟಗಾರ ಬೇಕು. ಕನಿಷ್ಠ ಸಂಬಳಕ್ಕೇ ಬರುತ್ತಾನೆ, ಲೆಕ್ಕಕ್ಕೆ ಸುಮಾರು 23 ಲಕ್ಷ ಡಾಲರ್. ಅವನ ಮೇಲೆ ಬೀಳುವ ಟ್ಯಾಕ್ಸ್ 1.26 ಕೋಟಿ ದಾಟುತ್ತದೆ. ಒಟ್ಟು ಖರ್ಚು ಒಂದೂವರೆ ಕೋಟಿ ಡಾಲರ್! ಪಂದ್ಯಕ್ಕೆ ಐದು ನಿಮಿಷ ಆಡುವವನಿಗೆ ಅಷ್ಟು ಕೊಡುತ್ತೀರಾ? ಉತ್ತರ ‘ಹೌದು’ ಆಗಿರಲೂಬಹುದು. ಆದರೆ ಮಾಲೀಕರ ಮುಂದೆ 23 ಲಕ್ಷ ಅಂತ ಹೇಳಬೇಡಿ. ಪೂರ್ತಿ ಅಂಕಿ ಹೇಳಿ. ನಂಬಿಕೆ ಗಳಿಸುವುದು ಹೀಗೆ.

3. ಹಣ ಸುರಿಯುವ ವರ್ಷವನ್ನು ನೀವೇ ಆರಿಸಿ

ಟ್ಯಾಕ್ಸ್ ಕಟ್ಟುವುದು ತಪ್ಪಲ್ಲ. ತಪ್ಪು ವರ್ಷದಲ್ಲಿ ಕಟ್ಟುವುದು ತಪ್ಪು. ಗೋಲ್ಡನ್ ಸ್ಟೇಟ್ ವಾರಿಯರ್ಸ್ 2021-22ರಲ್ಲಿ ಸುಮಾರು 17 ಕೋಟಿ ಡಾಲರ್ ಟ್ಯಾಕ್ಸ್ ಕಟ್ಟಿ ಬಾಸ್ಟನ್ ವಿರುದ್ಧ 4-2ರಿಂದ ಚಾಂಪಿಯನ್ ಆಯಿತು. 2023-24ರಲ್ಲಿ ಅದಕ್ಕೂ ಹೆಚ್ಚು, ಸುಮಾರು 17.7 ಕೋಟಿ ಕಟ್ಟಿತು. ಆ ವರ್ಷ ಪ್ಲೇಆಫ್ ಅರ್ಹತೆಗಾಗಿ ಆಡುವ ಪ್ಲೇ-ಇನ್ ಪಂದ್ಯದಲ್ಲೇ ಸ್ಯಾಕ್ರಮೆಂಟೊ ಎದುರು ಸೋತು ಮನೆಗೆ ಹೋಯಿತು.

ಬ್ರೂಕ್ಲಿನ್ ನೆಟ್ಸ್ ಕಥೆ ಇದಕ್ಕಿಂತ ಕಹಿ. ವಯಸ್ಸಾಗಿದ್ದ ಪಾಲ್ ಪಿಯರ್ಸ್ ಮತ್ತು ಕೆವಿನ್ ಗಾರ್ನೆಟ್‌ಗಾಗಿ 2013ರಲ್ಲಿ ಹಲವು ಡ್ರಾಫ್ಟ್ ಪಿಕ್‌ಗಳನ್ನು, ಅಂದರೆ ಹೊಸ ಆಟಗಾರರನ್ನು ಆರಿಸುವ ಹಕ್ಕುಗಳನ್ನು, ಬಾಸ್ಟನ್‌ಗೆ ಧಾರೆ ಎರೆಯಿತು. 2013-14ರಲ್ಲಿ 9 ಕೋಟಿ ಡಾಲರಿಗೂ ಹೆಚ್ಚು ಟ್ಯಾಕ್ಸ್ ಕಟ್ಟಿತು, ಆಗ ಅದೇ ದಾಖಲೆ. ಆ ಪಿಕ್‌ಗಳ ದಾರಿಯಲ್ಲೇ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಾಸ್ಟನ್ ಸೇರಿದರು. 2024ರಲ್ಲಿ ಟ್ರೋಫಿ ಎತ್ತಿದರು. ನಿಮ್ಮ ಮುಖ್ಯ ಆಟಗಾರರು ಉತ್ತುಂಗದಲ್ಲಿರುವ ಎರಡು-ಮೂರು ವರ್ಷ ಯಾವುವು ಅಂತ ಗುರುತು ಹಾಕಿ. ಪರ್ಸ್ ಬಿಚ್ಚುವುದು ಆಗ ಮಾತ್ರ.

4. ಎರಡನೇ ಏಪ್ರನ್‌ಗೆ ಹಣಕ್ಕಾಗಿ ಅಲ್ಲ, ಕಟ್ಟಿಹೋಗುವ ಕೈಗಳಿಗಾಗಿ ಹೆದರಿ

ಶ್ರೀಮಂತ ಮಾಲೀಕ ಹಣ ಕೊಟ್ಟಾನು. ಆದರೆ ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದ ನಂತರ ಎರಡನೇ ಏಪ್ರನ್ ದಾಟಿದ ತಂಡಕ್ಕೆ ದಾರಿಗಳೇ ಮುಚ್ಚುತ್ತವೆ. ಇಬ್ಬರ ಸಂಬಳ ಒಟ್ಟುಗೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ ತರುವಂತಿಲ್ಲ. ಟ್ರೇಡ್‌ನಲ್ಲಿ ನಗದು ಕೊಡುವಂತಿಲ್ಲ. ಕ್ಯಾಪ್ ಮೀರಿಯೂ ಹೊರಗಿನ ಆಟಗಾರನಿಗೆ ಮಧ್ಯಮ ಸಂಬಳ ಕೊಡಲು ಬಿಡುವ ಮಿಡ್-ಲೆವೆಲ್ ಎಕ್ಸೆಪ್ಷನ್ ಇಲ್ಲ. ಏಳು ವರ್ಷ ಮುಂದಿನ ಮೊದಲ ಸುತ್ತಿನ ಪಿಕ್ ಫ್ರೀಜ್ ಆಗುತ್ತದೆ, ಅದನ್ನು ಟ್ರೇಡ್ ಮಾಡುವಂತಿಲ್ಲ.

ಫೀನಿಕ್ಸ್ ಸನ್ಸ್ ನೋಡಿ. ಡೆವಿನ್ ಬುಕರ್, ಕೆವಿನ್ ಡ್ಯುರಾಂಟ್, ಬ್ರಾಡ್ಲಿ ಬೀಲ್, ಮೂವರೂ ಭಾರೀ ಸಂಬಳದವರು. 2024-25ರಲ್ಲಿ ಪೇರೋಲ್ 20 ಕೋಟಿ ಡಾಲರ್ ದಾಟಿತ್ತು, ಟ್ಯಾಕ್ಸ್ 15 ಕೋಟಿಯ ಆಸುಪಾಸು. ಗೆದ್ದದ್ದು 36 ಪಂದ್ಯ. ಪ್ಲೇಆಫ್ ಇಲ್ಲ. ತಂಡ ಬದಲಿಸೋಣ ಅಂದರೆ ಬೀಲ್ ಒಪ್ಪಂದದಲ್ಲಿ ನೋ-ಟ್ರೇಡ್ ಕ್ಲಾಸ್! ಒಪ್ಪಿಗೆಯಿಲ್ಲದೆ ಅವನನ್ನು ಎಲ್ಲಿಗೂ ಕಳಿಸುವಂತಿಲ್ಲ. 2025ರ ಬೇಸಿಗೆಯಲ್ಲಿ ಡ್ಯುರಾಂಟ್‌ನನ್ನು ಹ್ಯೂಸ್ಟನ್‌ಗೆ ಕಳಿಸಿ, ಬೀಲ್ ಜೊತೆ ಬಾಕಿ ಹಣಕ್ಕೆ ರಾಜಿಯಾಗಿ (ಬೈಔಟ್) ಹೊರಬರಬೇಕಾಯಿತು. ನೋ-ಟ್ರೇಡ್ ಕ್ಲಾಸ್ ಇರುವ ಒಪ್ಪಂದವನ್ನು ಮುಟ್ಟುವ ಮೊದಲು ಒಂದು ರಾತ್ರಿ ಮಲಗಿ ಎದ್ದು ಯೋಚಿಸಿ.

5. ಏಳನೇ, ಎಂಟನೇ ಆಟಗಾರನನ್ನು ಅಗ್ಗ ಅಂತ ಕಳೆದುಕೊಳ್ಳಬೇಡಿ

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಹೆಚ್ಚು ಕಲಿಸುವ ಪ್ರಕರಣ ಅಲೆಕ್ಸ್ ಕರೂಸೊನದು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ. ಮುಖ್ಯ ತಂಡಕ್ಕೂ ಅದರ ಅಭಿವೃದ್ಧಿ ತಂಡಕ್ಕೂ ಆಡಬೇಕಾದ ಟೂ-ವೇ ಒಪ್ಪಂದದಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ಸೇರಿದ. ಡಿಫೆನ್ಸ್‌ನಲ್ಲಿ ಪ್ರಾಣ ಒತ್ತೆಯಿಟ್ಟು ಆಡಿದ. 2020ರ ಚಾಂಪಿಯನ್ ತಂಡದಲ್ಲಿದ್ದ. 2021ರಲ್ಲಿ ಶಿಕಾಗೊ ಬುಲ್ಸ್ ನಾಲ್ಕು ವರ್ಷಕ್ಕೆ 3.7 ಕೋಟಿ ಡಾಲರ್ ಕೊಡಲು ಮುಂದೆ ಬಂತು. ಲೇಕರ್ಸ್‌ಗೆ ಬರ್ಡ್ ರೈಟ್ಸ್ ಇತ್ತು, ಕೊಡಬಹುದಿತ್ತು. ಟ್ಯಾಕ್ಸ್ ಬಿಲ್ ದೊಡ್ಡದಾಗಿ ಕಂಡಿತು, ಕೈಬಿಟ್ಟಿತು. ಮರುವರ್ಷ 33 ಪಂದ್ಯ ಗೆದ್ದು ಪ್ಲೇಆಫ್‌ನಿಂದಲೇ ಹೊರಗುಳಿಯಿತು.

ಕರೂಸೊ ಆಮೇಲೆ ಒಕ್ಲಹೋಮ ಸಿಟಿ ಥಂಡರ್ ಸೇರಿ 2025ರಲ್ಲಿ ಮತ್ತೊಮ್ಮೆ ಚಾಂಪಿಯನ್ ಆದ. ಸ್ಟಾರ್‌ಗೆ ಕೊಡುವ ಸಂಬಳದ ಬಗ್ಗೆ ಎಲ್ಲರೂ ಎಚ್ಚರದಿಂದ ಲೆಕ್ಕ ಹಾಕುತ್ತಾರೆ. ಎಚ್ಚರ ತಪ್ಪುವುದು ವರ್ಷಕ್ಕೆ 90 ಲಕ್ಷ ಡಾಲರಿನ ಆಸುಪಾಸಿನ ಇಂಥ ಆಟಗಾರನ ಬಳಿ. ಅವನಿಗೊಂದು ಪ್ರತ್ಯೇಕ ಕಾಲಮ್ ಇಡಿ: ಇವನು ಹೋದರೆ, ಇರುವ ಕನಿಷ್ಠ ಒಪ್ಪಂದಗಳಲ್ಲೇ ಇವನ ಜಾಗ ತುಂಬಲು ಆಗುತ್ತದೆಯೇ? ‘ಇಲ್ಲ’ ಅಂತ ಬಂದರೆ ಟ್ಯಾಕ್ಸ್ ಕಟ್ಟಿ ಉಳಿಸಿಕೊಳ್ಳಿ.

6. ಅಗ್ಗದ ಒಪ್ಪಂದಗಳ ಕಣಜ ತುಂಬಿಡಿ

ರೋಸ್ಟರ್‌ನಲ್ಲಿ 15 ಸಾಮಾನ್ಯ ಒಪ್ಪಂದ, ಜೊತೆಗೆ 3 ಟೂ-ವೇ. ಟೂ-ವೇ ಸಂಬಳ ಕ್ಯಾಪ್‌ಗೂ ಸೇರುವುದಿಲ್ಲ, ಟ್ಯಾಕ್ಸ್‌ಗೂ ಸೇರುವುದಿಲ್ಲ. ಆ ಮೂರು ಜಾಗವನ್ನು ಹೆಸರಿಗೆ ತುಂಬಬೇಡಿ, ಹುಡುಕಿ ತುಂಬಿ. ಲು ಡಾರ್ಟ್ ಥಂಡರ್‌ಗೆ ಬಂದದ್ದು ಟೂ-ವೇ ಆಟಗಾರನಾಗಿ. 2025ರಲ್ಲಿ ಲೀಗಿನ ಆಲ್-ಡಿಫೆನ್ಸಿವ್ ಮೊದಲ ತಂಡದಲ್ಲಿದ್ದ. ಮೊದಲ ಸುತ್ತಿನಲ್ಲಿ ಡ್ರಾಫ್ಟ್ ಆದ ಹುಡುಗರ ಮೊದಲ ನಾಲ್ಕು ವರ್ಷದ ಸಂಬಳ ನಿಗದಿಯಾಗಿರುತ್ತದೆ, ಅಷ್ಟರಲ್ಲಿ ಎಷ್ಟೇ ಬೆಳೆದರೂ ಅದು ಬದಲಾಗುವುದಿಲ್ಲ. 2019ರಲ್ಲಿ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟ ಥಂಡರ್, ಶೇ ಗಿಲ್ಜಸ್-ಅಲೆಕ್ಸಾಂಡರ್ ಜೊತೆ ಪಿಕ್‌ಗಳ ರಾಶಿಯನ್ನೇ ತಂದಿತು. ಅದರಲ್ಲೊಂದು ಪಿಕ್‌ನಿಂದಲೇ ಜೇಲನ್ ವಿಲಿಯಮ್ಸ್ ಸಿಕ್ಕಿದ.

7. ಮೂರು ವರ್ಷ ಮುಂದಿನ ಶೀಟ್ ಇಂದೇ ತುಂಬಿ

ಇದೇ ಥಂಡರ್ 2012ರಲ್ಲಿ ಫೈನಲ್ ಆಡಿದ ಕೆಲವೇ ತಿಂಗಳಲ್ಲಿ ಜೇಮ್ಸ್ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಟ್ರೇಡ್ ಮಾಡಿತು. ಮಾತುಕತೆ ಮುರಿದದ್ದು ಕೆಲವೇ ಮಿಲಿಯನ್ ಡಾಲರ್ ವ್ಯತ್ಯಾಸಕ್ಕೆ. ಹಾರ್ಡನ್ 2018ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ (ಎಂವಿಪಿ) ಆದ. ಆಗಲೂ ಥಂಡರ್‌ನ ಜನರಲ್ ಮ್ಯಾನೇಜರ್ ಆಗಿದ್ದ ಸ್ಯಾಮ್ ಪ್ರೆಸ್ಟಿ, 2025ರ ಜೂನ್‌ನಲ್ಲಿ ಟ್ರೋಫಿ ಗೆದ್ದ ಮೇಲೆ ಜುಲೈನಲ್ಲೇ ಗಿಲ್ಜಸ್-ಅಲೆಕ್ಸಾಂಡರ್, ಚೆಟ್ ಹೋಮ್‌ಗ್ರೆನ್, ವಿಲಿಯಮ್ಸ್ ಮೂವರ ವಿಸ್ತರಣೆಗೂ ಸಹಿ ಹಾಕಿಸಿದರು. ಹೊಸ ಸಂಬಳ ಶುರುವಾಗುವುದು 2026-27ರಿಂದ ಮುಂದಕ್ಕೆ. ಭಾರ ಬೀಳುವ ವರ್ಷ ಮೊದಲೇ ಗೊತ್ತಿದ್ದರೆ ಆ ವರ್ಷಕ್ಕೆ ಯಾರ ಒಪ್ಪಂದ ಮುಗಿಯಬೇಕು ಅನ್ನುವುದನ್ನೂ ಮೊದಲೇ ಜೋಡಿಸಬಹುದು.

8. ಕ್ಯಾಲೆಂಡರ್ ಬಳಸಿ

ಟ್ಯಾಕ್ಸ್ ಲೆಕ್ಕ ಹಾಕುವುದು ರೆಗ್ಯುಲರ್ ಸೀಸನ್ನಿನ ಕೊನೆಯ ದಿನದ ಪೇರೋಲ್ ಮೇಲೆ. ಅಕ್ಟೋಬರ್‌ನಲ್ಲಿ ಗೆರೆ ದಾಟಿದ್ದರೂ ಫೆಬ್ರವರಿ ಟ್ರೇಡ್ ಡೆಡ್‌ಲೈನ್‌ನೊಳಗೆ ಕೆಳಗಿಳಿಯಬಹುದು. ಇಳಿದರೆ, ಇತರರು ಕಟ್ಟಿದ ಟ್ಯಾಕ್ಸ್‌ನಲ್ಲಿ ನಿಮಗೂ ಪಾಲು ಬರುತ್ತದೆ. ಸಣ್ಣ ಮೊತ್ತಕ್ಕೆ ಗೆರೆ ದಾಟಿ ಕೂರುವುದು ಎರಡು ಕಡೆಯಿಂದ ನಷ್ಟ.

9. ಬಿಡಬೇಕಾದಾಗ ಬೇಗ ಬಿಡಿ, ಆದರೆ ಹೇಗೆ ಬಿಡುತ್ತೀರಿ ಅನ್ನುವುದನ್ನು ನೋಡಿ

ಮೇ 2025ರಲ್ಲಿ ಟೇಟಮ್‌ನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಬಾಸ್ಟನ್‌ನ ಮುಂದಿನ ಸೀಸನ್ನಿನ ಸಂಬಳ ಮತ್ತು ಟ್ಯಾಕ್ಸ್ ಸೇರಿ 50 ಕೋಟಿ ಡಾಲರಿನ ಅಂದಾಜು ಎದುರಿಗಿತ್ತು. ತಂಡ ಕಟ್ಟುವ ಹೊಣೆ ಹೊತ್ತಿದ್ದ ಬ್ರ್ಯಾಡ್ ಸ್ಟೀವನ್ಸ್ ಕಾಯಲಿಲ್ಲ. ಜೂನ್‌ನಲ್ಲೇ ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅಟ್ಲಾಂಟಾಗೆ ಎಂದು ಟ್ರೇಡ್ ಕುದುರಿಸಿದರು. ಹಾಲಿಡೇಗೆ ಇನ್ನೂ ಮೂರು ವರ್ಷ ಬಾಕಿಯಿತ್ತು. ಬದಲಿಗೆ ಬಂದ ಆನ್ಫರ್ನಿ ಸೈಮನ್ಸ್ ಒಪ್ಪಂದ ಒಂದೇ ವರ್ಷದ್ದು. ತಂಡ ಎರಡನೇ ಏಪ್ರನ್ನಿನಿಂದ ಕೆಳಗಿಳಿಯಿತು. ಚಾಂಪಿಯನ್ ತಂಡ ಕಳಚುವುದು ಎದೆ ಹಿಂಡುವ ಕೆಲಸ. ಆದರೂ ಆ ನಿರ್ಧಾರ ಸರಿ.

ಮಿಲ್ವಾಕಿ ಬಕ್ಸ್ ಇನ್ನೊಂದು ದಾರಿ ಹಿಡಿಯಿತು. ಗಾಯಗೊಂಡಿದ್ದ ಡೇಮಿಯನ್ ಲಿಲಾರ್ಡ್‌ನನ್ನು ಬಿಡುಗಡೆ ಮಾಡಿ, ಬಾಕಿ 11 ಕೋಟಿ ಡಾಲರಿಗೂ ಹೆಚ್ಚಿನ ಹಣವನ್ನು ಐದು ವರ್ಷಕ್ಕೆ ‘ಸ್ಟ್ರೆಚ್’ ಮಾಡಿತು. ಆ ಜಾಗದಲ್ಲಿ ಮೈಲ್ಸ್ ಟರ್ನರ್ ಬಂದ. ಆದರೆ ವರ್ಷಕ್ಕೆ 2.25 ಕೋಟಿಯಷ್ಟು, ಆಡದ ಆಟಗಾರನ ಹೆಸರಲ್ಲಿ ಲೆಕ್ಕದಲ್ಲಿ ಕೂತಿರುತ್ತದೆ. ಸ್ಟ್ರೆಚ್ ಕೊನೆಯ ಅಸ್ತ್ರ. ಮೊದಲು ಟ್ರೇಡ್ ಹುಡುಕಿ.

10. ಆಟಗಾರನ ಮುಂದೆ ಶೀಟ್ ಬಿಚ್ಚಿಡಿ, ಇಂದಿನಿಂದಲೇ ಕೈ ಪಳಗಿಸಿ

ಜೇಲನ್ ಬ್ರನ್ಸನ್ ಒಂದು ವರ್ಷ ಕಾದಿದ್ದರೆ ನ್ಯೂಯಾರ್ಕ್ ನಿಕ್ಸ್‌ನಿಂದ ಐದು ವರ್ಷಕ್ಕೆ ಸುಮಾರು 26.9 ಕೋಟಿ ಡಾಲರ್ ಪಡೆಯಬಹುದಿತ್ತು. 2024ರ ಜುಲೈನಲ್ಲಿ ನಾಲ್ಕು ವರ್ಷಕ್ಕೆ 15.65 ಕೋಟಿಗೆ ಸಹಿ ಹಾಕಿದ. ಸುತ್ತ ಗಟ್ಟಿ ತಂಡ ಕಟ್ಟಲು ಅದರಿಂದ ಜಾಗ ಸಿಕ್ಕಿತು. ಎಲ್ಲರೂ ಹೀಗೆ ಮಾಡುವುದಿಲ್ಲ, ಮಾಡಲೇಬೇಕು ಅಂತ ಒತ್ತಾಯವೂ ಸಲ್ಲ. ಆಟಗಾರನ ವೃತ್ತಿಜೀವನ ಚಿಕ್ಕದು. ಆದರೆ ಪೂರ್ತಿ ಲೆಕ್ಕ ತೋರಿಸಿ ಕೇಳುವ ಧೈರ್ಯ ನಿಮಗಿರಲಿ.

ಧೈರ್ಯ ಬರುವುದು ಅಭ್ಯಾಸದಿಂದ. ಇವತ್ತು ಸಂಜೆ ಒಂದು ತಂಡ ಆರಿಸಿ. ಎಡಕ್ಕೆ 15 ಹೆಸರು, ಬಲಕ್ಕೆ ನಾಲ್ಕು ವರ್ಷದ ಸಂಬಳ, ಕೆಳಗೆ ನಾಲ್ಕು ಗೆರೆ. ಒಬ್ಬನನ್ನು ತೆಗೆಯಿರಿ, ಇಬ್ಬರನ್ನು ತನ್ನಿ, ಟ್ಯಾಕ್ಸ್ ಮತ್ತೆ ಲೆಕ್ಕ ಹಾಕಿ. ಫೆಬ್ರವರಿಯಲ್ಲಿ ನಿಜವಾದ ಟ್ರೇಡ್‌ಗಳು ನಡೆದಾಗ ನಿಮ್ಮ ಶೀಟ್ ಪಕ್ಕದಲ್ಲಿಟ್ಟು, ಆ ತಂಡದವರು ಎಲ್ಲಿ ಬೇರೆ ದಾರಿ ಹಿಡಿದರು ಅಂತ ಬರೆದಿಡಿ.