ಸಿಇಎಸ್‌ಸಿ ಎರಡು, ಒಡೆಯರು ಬೇರೆ ಬೇರೆ

ಪ್ರಶ್ನೆ: ನನ್ನ ಮಗ ಮೊಬೈಲಿನಲ್ಲಿ ಷೇರುಪೇಟೆ ನೋಡುವಾಗ ‘ಸಿಇಎಸ್‌ಸಿ’ ಎಂಬ ಕಂಪನಿಯನ್ನು ತೋರಿಸಿದ. ಯಾರು ಬೇಕಾದರೂ ಅದರ ಷೇರು ಕೊಳ್ಳಬಹುದಂತೆ. ನಮ್ಮ ಕರೆಂಟ್ ಬಿಲ್ಲು ಕೊಡುವ ಕಂಪನಿಯ ಹೆಸರೂ ಅದೇ. ಹಾಗಾದರೆ ನಮ್ಮ ಕಂಪನಿಯನ್ನು ಆಗಲೇ ಮಾರಿಬಿಟ್ಟಿದ್ದಾರಾ? ನಾಳೆ ವಿದೇಶದವರು ಕೊಂಡುಕೊಂಡರೆ ನಮ್ಮಂಥ ಹಳ್ಳಿಯವರ ಗತಿ ಏನು?
— ಓದುಗರೊಬ್ಬರು, ಚಿನಕುರಳಿ, ಪಾಂಡವಪುರ ತಾಲ್ಲೂಕು

ಉತ್ತರ: ಮಾರಿಲ್ಲ. ನಿಮ್ಮ ಮಗ ನೋಡಿದ್ದು ಕೋಲ್ಕತ್ತದ ಸಿಇಎಸ್‌ಸಿ. ನಿಮ್ಮ ಮನೆಗೆ ಕರೆಂಟು ಕೊಡುವುದು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಸರ್ಕಾರಿ ಕಾಗದಗಳಲ್ಲಿ ಚಾವಿಸನಿನಿ, ಪತ್ರಿಕೆಗಳಲ್ಲಿ ಸೆಸ್ಕ್, ಹಿರಿಯರ ಬಾಯಲ್ಲಿ ಇನ್ನೂ ಕೆಇಬಿ. ಮಂಡ್ಯ, ಮೈಸೂರು, ಚಾಮರಾಜನಗರ, ಕೊಡಗು, ಹಾಸನ ಈ ಐದು ಜಿಲ್ಲೆಗಳು ಅದರ ವ್ಯಾಪ್ತಿ. ಅದು ಕರ್ನಾಟಕ ಸರ್ಕಾರದ ಕಂಪನಿ. ಷೇರುಪೇಟೆಯಲ್ಲಿ ಅದರ ಷೇರು ಸಿಗುವುದಿಲ್ಲ.

ಹೆಸರು ಒಂದೇ ಆದರೂ ಎರಡರ ಹುಟ್ಟು ಬೇರೆ ಬೇರೆ. ಕೋಲ್ಕತ್ತದ್ದು 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಂಪನಿ. 1899ರಲ್ಲಿ ಕಲ್ಕತ್ತೆಗೆ ದೀಪ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ವರ್ಷ ಅದರ ಹಿಡಿತ ಲಂಡನ್ನಿನಲ್ಲೇ ಇತ್ತು. 1970ರ ದಶಕದಲ್ಲಿ ಆಡಳಿತ ಇಲ್ಲಿಗೆ ಬಂತು, 1989ರಲ್ಲಿ ಗೋಯೆಂಕಾ ಸಮೂಹದ ಕೈ ಸೇರಿತು. 2025ರ ಫೆಬ್ರವರಿಯಿಂದ ಚಂಡೀಗಢದ ಮನೆಗಳಿಗೆ ಕರೆಂಟು ಹಂಚುವ ಕೆಲಸವೂ ಅದೇ ಸಮೂಹದ್ದು. ಅಲ್ಲಿ ಅದುವರೆಗೆ ಸರ್ಕಾರದ ಇಲಾಖೆಯೇ ಹಂಚುತ್ತಿತ್ತು. ಆದ್ದರಿಂದ ನಿಮ್ಮ ಆತಂಕವನ್ನು ಹೆಸರಿನ ಗೊಂದಲ ಎಂದಷ್ಟೇ ಹೇಳಿ ಬದಿಗಿಡಲಾರೆ. ನಮ್ಮ ರಾಜ್ಯದ ವಿದ್ಯುತ್ ನಿಗಮವಾದ ಕೆಪಿಟಿಸಿಎಲ್ ಅನ್ನು 2002ರಲ್ಲಿ ಒಡೆದು ನಾಲ್ಕು ವಿತರಣಾ ಕಂಪನಿ ಮಾಡಿದಾಗಲೂ ಮುಂದೆ ಖಾಸಗಿಯವರಿಗೆ ಕೊಡುವ ಯೋಚನೆ ಇತ್ತು, ಅದು ನಡೆಯಲಿಲ್ಲ. ಮಂಗಳೂರಿನ ಮೆಸ್ಕಾಂನಿಂದ ಮೈಸೂರಿನ ಕಂಪನಿ ಬೇರೆಯಾಗಿ 2005ರಲ್ಲಿ ಕೆಲಸ ಶುರುಮಾಡಿತು. ಜೊತೆಗೆ, ವಿದ್ಯುತ್ ವಿತರಣೆಯಲ್ಲಿ ನೂರಕ್ಕೆ ನೂರು ವಿದೇಶಿ ಬಂಡವಾಳಕ್ಕೆ ನಮ್ಮ ದೇಶದ ನಿಯಮದಲ್ಲಿ ಅಡ್ಡಿಯಿಲ್ಲ.

ಇನ್ನು ವಿದೇಶದವರ ವಿಚಾರ. ನಿಮ್ಮದು ರೈತಸಂಘ ಬೇರುಬಿಟ್ಟ ಸೀಮೆ. ಬೀಜದ ವ್ಯಾಪಾರಕ್ಕಿಳಿದಿದ್ದ ಅಮೆರಿಕದ ಕಾರ್ಗಿಲ್ ಕಂಪನಿಯ ಬೆಂಗಳೂರು ಕಚೇರಿಗೆ ರೈತರು ನುಗ್ಗಿದ 1992ರ ದಿನಗಳು ಅಲ್ಲಿನ ಹಿರಿಯರಿಗೆ ನೆನಪಿರಬೇಕು. ಬಿತ್ತನೆಬೀಜದಲ್ಲಿ ಕೇಳಿದ ಪ್ರಶ್ನೆಯನ್ನು ಕರೆಂಟಿನಲ್ಲೂ ಕೇಳುವುದು ನ್ಯಾಯವೇ. ಆದರೆ ಈ ಪ್ರಶ್ನೆ ನಿಮ್ಮ ಕಾವೇರಿ ತೀರಕ್ಕೆ ಹೊಸದಲ್ಲ. ಅದಕ್ಕೆ ನೂರಿಪ್ಪತ್ತು ವರ್ಷ ಮೀರಿದೆ.

ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದುದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಆ ಗಣಿಗಳಿಗೆ ಶಿವನಸಮುದ್ರದ ನೀರಿನಿಂದ ವಿದ್ಯುತ್ ತಯಾರಿಸಿ ಕೊಡುವ ಯೋಜನೆ ಬಂದಾಗ ಖಾಸಗಿಯವರೂ ಮುಂದೆ ಬಂದಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದನ್ನು ಮೈಸೂರು ಸರ್ಕಾರದ ಕೈಯಲ್ಲೇ ಉಳಿಸಿಕೊಂಡರು. ಮುಂದೆ ನಿಂತು ಕಟ್ಟಿಸಿದ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಕೆನಡಾದಲ್ಲಿ ಹುಟ್ಟಿದವರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು, ಟರ್ಬೈನ್‌ಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕರೆಂಟು ಗಣಿ ಸೇರಿತು. ಯಂತ್ರ ಹೊರಗಿನದು, ಇಂಜಿನಿಯರ್ ಹೊರಗಿನವರು, ಗಿರಾಕಿಯೂ ಹೊರಗಿನವನೇ. ಒಡೆತನ ಮಾತ್ರ ಮೈಸೂರಿನದು.

ಆ ಒಂದು ನಿರ್ಧಾರದ ಫಲವನ್ನು ನೀವು ಇವತ್ತಿಗೂ ಉಣ್ಣುತ್ತಿದ್ದೀರಿ. ಗಣಿಯವರು ಕೊಟ್ಟ ಹಣ ಲಂಡನ್ನಿಗೆ ಹೋಗದೆ ಮೈಸೂರಿನ ಬೊಕ್ಕಸಕ್ಕೆ ಬಂತು. ಅದೇ ಕೇಂದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಣಿಗೆ ಕರೆಂಟು ಸಾಲದಾಗುತ್ತಿತ್ತು. ಅದಕ್ಕೆ ವರ್ಷಪೂರ್ತಿ ನೀರು ಬೇಕೆಂಬುದು ಕನ್ನಂಬಾಡಿ ಕಟ್ಟೆಯನ್ನು 1911ರಲ್ಲಿ ಕೈಗೆತ್ತಿಕೊಳ್ಳಲು ಒಂದು ಮುಖ್ಯ ಕಾರಣ. ವಿಶ್ವೇಶ್ವರಯ್ಯನವರು ನೀರಾವರಿಯನ್ನೂ ಅದಕ್ಕೆ ಜೋಡಿಸಿದರು, ಕಟ್ಟೆಯಿಂದ ಹೊರಟ ನಾಲೆ ಪಾಂಡವಪುರ, ಮಂಡ್ಯದ ಕಡೆಗೆ ಹರಿಯಿತು. ವಿದ್ಯುತ್ತಿನ ಒಡೆತನ ಲಂಡನ್ನಿನ ಕಂಪನಿಯೊಂದರ ಬಳಿ ಇದ್ದಿದ್ದರೆ, ಅದು ತನ್ನ ಗಿರಾಕಿಗೆ ಬೇಕಾದಷ್ಟು ನೀರಿನ ಲೆಕ್ಕ ಹಾಕುತ್ತಿತ್ತೇ ಹೊರತು ಭತ್ತದ ಗದ್ದೆಯ ಲೆಕ್ಕ ಹಾಕುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಹೀಗೆಂದು ವಿದೇಶಿಯೆಂದರೆ ಕೇಡು, ಸ್ವದೇಶಿಯೆಂದರೆ ಕ್ಷೇಮ ಎಂದು ತೀರ್ಮಾನಿಸಿಬಿಟ್ಟರೆ ಒಡಿಶಾದ ಅನುಭವ ಅದನ್ನು ಒಪ್ಪುವುದಿಲ್ಲ. ಅಲ್ಲಿ 1999ರಲ್ಲಿ ವಿತರಣೆಯನ್ನು ನಾಲ್ಕು ವಲಯ ಮಾಡಿ ಖಾಸಗಿಯವರಿಗೆ ಕೊಟ್ಟರು. ಭುವನೇಶ್ವರ, ಕಟಕ್ ಸೇರಿದ ಮಧ್ಯ ವಲಯ ಅಮೆರಿಕದ ಎಇಎಸ್ ಕಂಪನಿಯ ಪಾಲಾಯಿತು. ಅದು ಅಧಿಕಾರ ವಹಿಸಿಕೊಂಡ ಮರುತಿಂಗಳೇ, ಅಕ್ಟೋಬರ್ ಕೊನೆಗೆ, ಮಹಾ ಚಂಡಮಾರುತ ಬಡಿದು ಕಂಬ, ತಂತಿಗಳು ನೆಲ ಕಚ್ಚಿದವು. ಬಾಕಿ ವಸೂಲಾಗಲಿಲ್ಲ, ಸರ್ಕಾರದೊಡನೆ ಜಗಳ ಬೆಳೆಯಿತು. 2001ರಲ್ಲಿ ಎಇಎಸ್ ಗಂಟುಮೂಟೆ ಕಟ್ಟಿತು. ಅಲ್ಲಿನ ವಿದ್ಯುತ್ ಆಯೋಗ ಆಡಳಿತಾಧಿಕಾರಿಯನ್ನು ನೇಮಿಸಿ ವಿತರಣೆ ನಡೆಸಬೇಕಾಯಿತು. ಉಳಿದ ಮೂರು ವಲಯ ನಮ್ಮ ದೇಶದ್ದೇ ಆದ ಕಂಪನಿಯ ಬಳಿ ಇದ್ದವು. ಅವುಗಳ ಪರವಾನಗಿಯನ್ನೂ ಆಯೋಗ 2015ರಲ್ಲಿ ರದ್ದು ಮಾಡಿತು. ಈಗ ನಾಲ್ಕೂ ವಲಯಗಳಲ್ಲಿ ಟಾಟಾ ಪವರ್‌ಗೆ ಶೇ. 51 ಪಾಲು, ಸರ್ಕಾರಕ್ಕೆ ಶೇ. 49.

ಹೊರದೇಶದವರು ಉತ್ಪಾದನೆಗೆ ಬಂದರೆ ಅಷ್ಟು ಅಪಾಯ ಕಾಣುವುದಿಲ್ಲ. ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ. ಅಲ್ಲಿ ಫಿನ್ಲೆಂಡಿನ ಫೋರ್ಟಮ್ ಕಂಪನಿ ಘಟಕ ಕಟ್ಟಿತು. ಆ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಫಿನ್ಲೆಂಡ್ ಸರ್ಕಾರದ್ದು. ಆದರೂ ಜಮೀನು ರೈತರದೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಏರುತ್ತಾ ಹೋಗುವ ಗುತ್ತಿಗೆ. ಒಡೆಯ ಬದಲಾದರೂ ಗುತ್ತಿಗೆ, ಕರಾರು ಹಾಗೇ ನಿಲ್ಲುತ್ತವೆ. ಮನೆಮನೆಗೆ ಹಂಚುವ ಕೆಲಸ ಹಾಗಲ್ಲ. ಅಲ್ಲಿ ಕಂಪನಿಗೂ ನಿಮಗೂ ದಿನನಿತ್ಯದ ಸಂಬಂಧ.

ಅದಕ್ಕೇ ಗತಿ ಏನು ಎಂದು ನೀವು ಕೇಳಿದ್ದಕ್ಕೆ ನಿಜವಾದ ಉತ್ತರ ಬಿಲ್ಲಿನ ಮೇಲೇ ಇದೆ. ಕಳೆದ ತಿಂಗಳ ಚೀಟಿ ಕೈಗೆ ತೆಗೆದುಕೊಳ್ಳಿ. ಆರ್‌ಆರ್ ನಂಬರ್, ಮೀಟರಿನ ಹಿಂದಿನ ಅಂಕಿ, ಈಗಿನ ಅಂಕಿ, ಬಳಸಿದ ಯೂನಿಟ್, ಅದಕ್ಕೆ ಪೂರ್ತಿ ಮೊತ್ತ. ಆಮೇಲೆ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ಸಬ್ಸಿಡಿ ಕಳೆದು, ಬಳಕೆ ನಿಮಗೆ ಗೊತ್ತುಮಾಡಿದ ಮಿತಿಯೊಳಗಿದ್ದರೆ, ಕಟ್ಟಬೇಕಾದ್ದು ಸೊನ್ನೆ. ಕರೆಂಟು ಬಿಟ್ಟಿಯಲ್ಲ. ನಿಮ್ಮ ಪರವಾಗಿ ಸರ್ಕಾರ ಕಟ್ಟುತ್ತದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೂ ಇದೇ ಏರ್ಪಾಡು. ದರ ಗೊತ್ತುಮಾಡುವುದು ಕಂಪನಿಯಲ್ಲ, ಕೆಇಆರ್‌ಸಿ ಎಂಬ ರಾಜ್ಯದ ವಿದ್ಯುತ್ ಆಯೋಗ. ಯಾರೇ ಒಡೆಯರಾದರೂ ಆಯೋಗ ಹೇಳಿದ ದರವೇ.

ಈಗ ಕಾನೂನಿನ ಒಂದು ಮಾತು ಗಮನಿಸಿ. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸಬ್ಸಿಡಿ ಕೊಡುವ ಸರ್ಕಾರ ಆ ಹಣವನ್ನು ಮುಂಗಡವಾಗಿಯೇ ಕಂಪನಿಗೆ ಕಟ್ಟಬೇಕು. ಕಟ್ಟದಿದ್ದರೆ ಸಬ್ಸಿಡಿ ಲೆಕ್ಕಕ್ಕಿಲ್ಲ, ಆಯೋಗದ ಪೂರ್ತಿ ದರವೇ ಅನ್ವಯ. ಹಣ ಬರುವುದು ತಡವಾದಾಗ ಸರ್ಕಾರಿ ಕಂಪನಿ ಏನು ಮಾಡುತ್ತದೆ? ಸಾಲ ಮಾಡಿಯಾದರೂ ಕಾಯುತ್ತದೆ. ಪಂಚಾಯಿತಿಯ ಬೀದಿದೀಪ, ಕುಡಿಯುವ ನೀರಿನ ಬಿಲ್ಲು ಬಾಕಿ ಬಿದ್ದರೂ ಬಹುಪಾಲು ಸಹಿಸಿಕೊಳ್ಳುತ್ತದೆ. ಲಾಭ ಕೇಳುವ ಷೇರುದಾರರಿರುವ ಕಂಪನಿ, ಅದು ಬೆಂಗಳೂರಿನದಾಗಲಿ ಬೋಸ್ಟನ್ನಿನದಾಗಲಿ, ಅಷ್ಟು ದಿನ ಕಾಯಬೇಕೆಂಬ ಕಟ್ಟಳೆ ಇಲ್ಲ. ಪೂರ್ತಿ ದರದ ಬಿಲ್ಲು ಪಂಪ್‌ಸೆಟ್ಟಿನ ರೈತನ ಕೈಗೆ ಬಂದರೆ ಕಬ್ಬಿನ ಲೆಕ್ಕವೇ ತಲೆಕೆಳಗು. ಸರ್ಕಾರಿ ಒಡೆತನದಿಂದ ಹಳ್ಳಿಗೆ ಸಿಗುವ ದೊಡ್ಡ ಲಾಭ ಈ ತಾಳ್ಮೆ.

ಆ ತಾಳ್ಮೆಗೂ ಬೆಲೆ ಇದೆ, ಅದನ್ನೂ ನೀವೇ ತೆರುತ್ತೀರಿ. ಬಾಕಿ ಏರಿದಂತೆ ಹಳೆಯ ತಂತಿ ಬದಲಾಗುವುದು ತಡವಾಗುತ್ತದೆ. ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರ್ ಮೇಲೆ ಲೋಡು ಹೆಚ್ಚಿ, ಪೈರಿಗೆ ನೀರು ಬೇಕಾದ ದಿನಗಳಲ್ಲೇ ಸುಟ್ಟುಹೋಗುತ್ತದೆ. ಹಳ್ಳಿಯಲ್ಲಿ ಸುಟ್ಟ ಟಿಸಿಯನ್ನು 72 ಗಂಟೆಯೊಳಗೆ ಬದಲಿಸಬೇಕೆಂಬುದು ಆಯೋಗದ ನಿಯಮ. ತಡವಾದರೆ ಗ್ರಾಹಕನಿಗೆ ಪರಿಹಾರ ಕೊಡಬೇಕೆಂದೂ ಇದೆ. ಹಾಗೆ ಕೇಳಿ ಪಡೆದ ರೈತರನ್ನು ನಾನಂತೂ ಕಂಡಿಲ್ಲ. ಸರ್ಕಾರದ ಕಂಪನಿ ಎಂದರೆ ನಮ್ಮ ಕಂಪನಿ ಎನ್ನುತ್ತೇವೆ. ಆದರೆ ಅದರ ಆಡಳಿತ ಮಂಡಳಿಯಲ್ಲಿ ಯಾರು ಕೂರಬೇಕೆಂದು ಚಿನಕುರಳಿಯಲ್ಲಿ ಯಾರೂ ವೋಟು ಹಾಕುವುದಿಲ್ಲ.

ಹಾಗೆ ವೋಟು ಹಾಕುವ ಊರುಗಳು ನಮ್ಮ ರಾಜ್ಯದಲ್ಲೇ ಇವೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರುವಾಯಿತು. ಹಳ್ಳಿಗಳಿಗೆ ಕರೆಂಟು ಹಂಚುವ ಕೆಲಸವನ್ನು ಊರವರ ಸಹಕಾರ ಸಂಘಕ್ಕೇ ಕೊಟ್ಟು ನೋಡೋಣ ಎಂದು ಆ ಕಾಲದಲ್ಲಿ ದೇಶದ ಐದು ಕಡೆ ಪ್ರಯೋಗ ನಡೆಯಿತು. ಈ ಯೋಚನೆ ಬಂದದ್ದು ಅಮೆರಿಕದ ಹಳ್ಳಿಗಳ ವಿದ್ಯುತ್ ಸಹಕಾರಿಗಳಿಂದ. ಆ ಐದರಲ್ಲಿ ಒಂದಾದ ಮಹಾರಾಷ್ಟ್ರದ ಮುಳಾ ಪ್ರವರಾ ಸಂಘ 2011ರಲ್ಲಿ ಪರವಾನಗಿ ಕಳೆದುಕೊಂಡಿತು. ಹುಕ್ಕೇರಿಯದು ಇನ್ನೂ ಉಳಿದಿದೆ. ಸ್ವಂತ ಉತ್ಪಾದನೆ ಇಲ್ಲ, ಸಗಟಾಗಿ ಕೊಂಡು ಹಂಚುತ್ತದೆ. ದರವನ್ನು ಆಯೋಗವೇ ನಿಗದಿ ಮಾಡುತ್ತದೆ. ಸದಸ್ಯರಾದ ಗ್ರಾಹಕರೇ ನಿರ್ದೇಶಕರನ್ನು ಆರಿಸುತ್ತಾರೆ. 2025ರಲ್ಲಿ ನಡೆದ ಚುನಾವಣೆ ಜಿಲ್ಲೆಯ ದೊಡ್ಡ ರಾಜಕೀಯ ಮನೆತನಗಳ ಹಣಾಹಣಿಯೇ ಆಗಿಹೋಯಿತು. ಸಹಕಾರಿ ಎಂದ ಮಾತ್ರಕ್ಕೆ ರಾಜಕೀಯ ದೂರವಿರುತ್ತದೆ ಎಂದಲ್ಲ. ಸಹಕಾರಿ ಸಕ್ಕರೆ ಕಾರ್ಖಾನೆಯ ಏರಿಳಿತ ಕಂಡ ಪಾಂಡವಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಕರೆಂಟು ಕೊಡದ ನಿರ್ದೇಶಕರನ್ನು ಮುಂದಿನ ಸಲ ಸೋಲಿಸುವ ಹಕ್ಕು ಹುಕ್ಕೇರಿಯ ಸದಸ್ಯರಿಗಿದೆ. ನಮ್ಮ ಹಳ್ಳಿಗಳಿಗೂ ಆ ಹಕ್ಕು ಇರಬೇಕಿತ್ತು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಆದ್ದರಿಂದ ನಾಳೆ ಸೆಸ್ಕ್ ಮಾರಾಟದ ಸುದ್ದಿ ಬಂದರೆ, ಕೊಳ್ಳುವವರು ಯಾವ ದೇಶದವರು ಎಂಬುದಕ್ಕಿಂತ ಮೊದಲು ಮೂರು ವಿಷಯ ಕೇಳಿ. ಸಬ್ಸಿಡಿ ತಡವಾದರೆ ಬಿಲ್ಲು ಯಾರ ಮೇಲೆ? ಬಿರುಗಾಳಿಗೆ ಕಂಬ ಬಿದ್ದರೆ ನಿಲ್ಲಿಸುವ ಖರ್ಚು ಯಾರದು? ಕಂಪನಿ ಅರ್ಧಕ್ಕೇ ಬಿಟ್ಟು ಹೊರಟರೆ ಲೈನ್‌ಮನ್‌ಗೆ ಸಂಬಳ ಕೊಡುವವರು ಯಾರು? ಒಡಿಶಾದಲ್ಲಿ ಎಡವಿದ್ದು ಇಂಥ ಕಡೆಯೇ.

ಅಲ್ಲಿಯವರೆಗೆ ಸುಮ್ಮನಿರಬೇಕಾಗಿಯೂ ಇಲ್ಲ. ಕಂಪನಿ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಯಾವ ಗ್ರಾಹಕರು ಬೇಕಾದರೂ ಕೆಇಆರ್‌ಸಿಗೆ ಕನ್ನಡದಲ್ಲೇ ಆಕ್ಷೇಪಣೆ ಬರೆಯಬಹುದು, ಸಾರ್ವಜನಿಕ ವಿಚಾರಣೆಯಲ್ಲಿ ಎದ್ದು ಮಾತಾಡಬಹುದು. ಟಿಸಿ ಸುಟ್ಟರೆ 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 72 ಗಂಟೆ ಮೀರಿದರೆ ಆ ಸಂಖ್ಯೆಯೊಂದಿಗೆ ಜಿಲ್ಲೆಯ ವಿದ್ಯುತ್ ಗ್ರಾಹಕರ ಕುಂದುಕೊರತೆ ವೇದಿಕೆಗೆ ಅರ್ಜಿ ಕೊಡಿ.