ಶ್ರೀನೃಸಿಂಹ ಪ್ರಾದುರ್ಭಾವದ ಅನುಸಂಧಾನ

ವೈಶಾಖ ಶುದ್ಧ ಚತುರ್ದಶಿಯು ಶ್ರೀನೃಸಿಂಹ ಜಯಂತಿ. ಅಂದು ಉಪವಾಸವಿದ್ದು, ಸಂಧ್ಯಾಕಾಲದಲ್ಲಿ ಪೂಜೆ ಸಲ್ಲಿಸಿ, ಪಾನಕ ಕೋಸಂಬರಿಗಳನ್ನು ನಿವೇದಿಸಿ, ಶ್ರೀಮದ್ಭಾಗವತದ ಸಪ್ತಮ ಸ್ಕಂಧದಿಂದ ಪ್ರಹ್ಲಾದಚರಿತ್ರೆಯನ್ನು ಶ್ರವಣ ಮಾಡುವುದು ನಮ್ಮ ಅನೇಕ ಮನೆತನಗಳಲ್ಲಿ ನಡೆದುಬಂದ ಪದ್ಧತಿ. ಕಥೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು. ತೊಡಕು ಇರುವುದೂ ಅಲ್ಲಿಯೇ. ಬಹುವಾಗಿ ತಿಳಿದ ಕಥೆಯನ್ನು ನಾವು ಯೋಚಿಸದೆ ಹೇಳಿಬಿಡುತ್ತೇವೆ. 'ವೈಕುಂಠದಲ್ಲಿದ್ದ ದೇವರು ಪ್ರಹ್ಲಾದನ ಮೊರೆ ಕೇಳಿ ಓಡಿಬಂದ, ಸಿಂಹದ ಮೈ ತೊಟ್ಟ, ದೈತ್ಯನನ್ನು ಸೀಳಿ ಕೋಪದಲ್ಲಿ ಮೈಮರೆತ, ಮಗುವನ್ನು ಕಂಡು ಶಾಂತನಾದ' ಎಂದು ಮಕ್ಕಳಿಗೆ ಹೇಳುವುದುಂಟು. ಮಕ್ಕಳಿಗೆ ಹೇಳುವ ಮಾತಾದುದರಿಂದ ದೋಷವಿಲ್ಲವೆಂದು ನಾವೂ ಬಹುಕಾಲ ಭಾವಿಸಿದ್ದೆವು.

ಆದರೆ ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ ಮೊದಲನೆಯ ಅಧ್ಯಾಯದಲ್ಲಿ ಭಗವಂತನ ವಿಷಯದ ದ್ವೇಷವನ್ನು 9 ಬಗೆಯಾಗಿ ಎಣಿಸುತ್ತಾ, ಪ್ರಾದುರ್ಭಾವ ವಿಪರ್ಯಾಸವನ್ನೂ, ಎಂದರೆ ಅವತಾರಗಳನ್ನು ವಿಪರೀತವಾಗಿ ತಿಳಿಯುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ದ್ವೇಷವೆಂದರೆ ಹಿರಣ್ಯಕಶಿಪುವು ಆಯುಧವೆತ್ತಿ ನಿಂತದ್ದು ಮಾತ್ರವಲ್ಲ; ಕೈಮುಗಿದು ನಿಂತು ತಪ್ಪಾಗಿ ತಿಳಿಯುವುದೂ ಆ ಪಂಕ್ತಿಗೆ ಸೇರುತ್ತದೆ. ಇದನ್ನು ಓದಿದ ಬಳಿಕ ನಮ್ಮ ಕಥೆಯ ಒಂದೊಂದು ಮಾತನ್ನೂ ತಿರುಗಿ ನೋಡಬೇಕೆನಿಸಿತು.

'ಓಡಿಬಂದ' ಎಂಬುದು ಮೊದಲನೆಯದು. ಎಲ್ಲಿಂದ ಬಂದ? ತಂದೆಯ ಪ್ರಶ್ನೆ ಸರಳವಾಗಿತ್ತು: ಅವನು ಎಲ್ಲೆಲ್ಲಿಯೂ ಇರುವನಾದರೆ ಈ ಕಂಬದಲ್ಲೇಕೆ ಕಾಣುವುದಿಲ್ಲ? ಹೀಗೆ ಕೇಳಿ ಅವನು ಕಂಬವನ್ನು ಬಡಿದದ್ದು ಗದೆಯಿಂದಲ್ಲ, ಮುಷ್ಟಿಯಿಂದ ಎಂದು ಭಾಗವತ ಹೇಳುತ್ತದೆ. ಆ ಪೆಟ್ಟಿನ ಕ್ಷಣದಲ್ಲಿ ಶ್ರೀಹರಿಯು ಕಂಬದೊಳಕ್ಕೆ ಬಂದು ಸೇರಿದನೇ? ಹಾಗೆ ತಿಳಿದರೆ ಅದಕ್ಕೆ ಹಿಂದಿನ ಕ್ಷಣದಲ್ಲಿ ಪ್ರಹ್ಲಾದನು ಆಡಿದ ಮಾತು ಸುಳ್ಳಾಗುತ್ತದೆ. ಶಿಲ್ಪಿಯು ಆ ಕಂಬವನ್ನು ನೆಟ್ಟ ದಿನವೂ ಅವನು ಅದರಲ್ಲಿದ್ದನು. ದೈತ್ಯನು ಆ ಕಂಬದೆದುರಿನಲ್ಲಿಯೇ ಒಡ್ಡೋಲಗ ನಡೆಸಿ ಹರಿನಿಂದೆ ಮಾಡಿದಾಗಲೂ ಇದ್ದು ಕೇಳುತ್ತಿದ್ದನು. ಹಗಲಿಡೀ ಆಕಾಶದಲ್ಲಿದ್ದೂ ಕಾಣದ ನಕ್ಷತ್ರವು ಸಂಜೆಗೆ ಕಂಡಾಗ 'ನಕ್ಷತ್ರ ಬಂತು' ಎನ್ನುತ್ತೇವಲ್ಲವೆ? ದೃಷ್ಟಾಂತವು ಒಂದಂಶಕ್ಕೆ ಮಾತ್ರ. ಆದರೂ ಪ್ರಾದುರ್ಭಾವವೆಂಬ ಶಬ್ದವನ್ನು ತಿಳಿಯಲು ಇದು ಸಾಕು. ಅವತಾರವೆಂದರೆ ಶಬ್ದಾರ್ಥದಲ್ಲಿ ಇಳಿದುಬರುವುದು. ವ್ಯಾಪ್ತನಾದವನಿಗೆ ಇಳಿಯಲು ಬರಿದಾದ ಎಡೆ ಎಲ್ಲಿದೆ? ಇದ್ದವನು ಕಾಣಿಸಿಕೊಂಡನು, ಅಷ್ಟೇ.

ಏಕೆ ಕಾಣಿಸಿಕೊಂಡನು? ದೈತ್ಯಸಂಹಾರಕ್ಕೆ ಎಂದು ಥಟ್ಟನೆ ಉತ್ತರ ಬರುತ್ತದೆ. ಸಂಕಲ್ಪಮಾತ್ರದಿಂದ ಸೃಷ್ಟಿಪ್ರಳಯಗಳನ್ನು ನಡೆಸುವವನಿಗೆ ಒಬ್ಬ ದೈತ್ಯನನ್ನು ಕೊಲ್ಲಲು ಕಂಬದಿಂದ ಹೊರಬರುವ ಅಗತ್ಯವಿತ್ತೆ? ಕಂಬದಿಂದ ಹೊರಬಂದ ಸಂದರ್ಭವನ್ನು ವರ್ಣಿಸುವಾಗ ಭಾಗವತವು ಸಂಹಾರವನ್ನು ಕಾರಣವಾಗಿ ಹೇಳುವುದೇ ಇಲ್ಲ. ತನ್ನ ಸೇವಕನ ಮಾತನ್ನು ಸತ್ಯಗೊಳಿಸುವುದು, ಸಕಲ ವಸ್ತುಗಳಲ್ಲಿ ತನ್ನ ವ್ಯಾಪ್ತಿಯನ್ನು ಸತ್ಯವೆಂದು ತೋರುವುದು, ಇವೆರಡನ್ನೇ ಹೇಳುತ್ತದೆ. ಐದು ವರ್ಷದ ಬಾಲಕನೊಬ್ಬನು ಸಭೆಯ ನಡುವೆ ಆಡಿದ ಮಾತು ಅಂದು ಪಣವಾಗಿತ್ತು. ಬಾಲಕನ ಪ್ರಾಣಕ್ಕೆ ಭಯವಿರಲಿಲ್ಲ. ವಿಷ, ಬೆಂಕಿ, ಆನೆ ಯಾವುದೂ ಅವನನ್ನು ಮುಟ್ಟಿರಲಿಲ್ಲ. ಮಾತು ಉಳಿಯಬೇಕಾಗಿತ್ತು.

ಬ್ರಹ್ಮದೇವರ ವರದ ವಿಷಯವೂ ಇಲ್ಲಿಯೇ ಸೇರುತ್ತದೆ. ಒಳಗೂ ಅಲ್ಲದ ಹೊರಗೂ ಅಲ್ಲದ ಬಾಗಿಲಲ್ಲಿ, ಹಗಲೂ ಇರುಳೂ ಅಲ್ಲದ ಸಂಜೆಯಲ್ಲಿ, ನೆಲವೂ ಬಾನೂ ಅಲ್ಲದ ತೊಡೆಯ ಮೇಲೆ ಎಂದು ಎಣಿಸುವುದು ಮಕ್ಕಳಿಗೆ ಒಗಟಿನಂತೆ ಹಿಡಿಸುತ್ತದೆ. ದೊಡ್ಡವರು ಗಮನಿಸಬೇಕಾದುದು, ಪ್ರಹ್ಲಾದನ ಮಾತಿನಂತೆ ಬ್ರಹ್ಮದೇವರ ಮಾತಿಗೂ ಅಂದು ಒಂದಕ್ಷರ ಭಂಗ ಬರಲಿಲ್ಲ ಎಂಬುದನ್ನು. ಇಬ್ಬರೂ ಅವನ ಸೇವಕರೇ.

ಇನ್ನು 'ಸಿಂಹದ ಮೈ ತೊಟ್ಟ' ಎಂಬ ಮಾತು. ತೊಟ್ಟದ್ದನ್ನು ಕಳಚಬೇಕಾಗುತ್ತದೆ. ಶ್ರೀಹರಿಯ ರೂಪವು ಪ್ರಕೃತಿಯಿಂದಾದುದಲ್ಲ, ಜ್ಞಾನಾನಂದಗಳೇ ಅದರ ಸ್ವರೂಪ. ಅವನಿಗೂ ಅವನ ಅವಯವಗಳಿಗೂ ಭೇದವಿಲ್ಲ. ಮೂಲರೂಪಕ್ಕೂ ಅವತಾರರೂಪಕ್ಕೂ ಹೆಚ್ಚುಕಡಿಮೆಯಿಲ್ಲ. ತ್ರಿವಿಕ್ರಮ ಪಂಡಿತಾಚಾರ್ಯರು ವಾಯುಸ್ತುತಿಯನ್ನು ಒಪ್ಪಿಸಿದಾಗ, ಹರಿಸ್ತುತಿಯಿಲ್ಲದೆ ತಮ್ಮ ಸ್ತುತಿ ಸಲ್ಲದೆಂದು ಶ್ರೀಮದಾಚಾರ್ಯರು ಎರಡು ಶ್ಲೋಕಗಳ ನಖಸ್ತುತಿಯನ್ನು ರಚಿಸಿ ಸೇರಿಸಿದರೆಂದು ಸಂಪ್ರದಾಯ. ಕೇವಲ ಉಗುರನ್ನು ಸ್ತುತಿಸಿದರೆ ಪೂರ್ಣನಾದ ಹರಿಯನ್ನು ಸ್ತುತಿಸಿದಂತಾಯಿತೆ ಎಂದು ಕೇಳುವವರಿಗೆ ಉತ್ತರ ಇದೇ ಸಿದ್ಧಾಂತದಲ್ಲಿದೆ: ಆ ಉಗುರೂ ಪೂರ್ಣನಾದ ಹರಿಯೇ. ಉಡುಪಿಯ ಅಷ್ಟಮಠಗಳಲ್ಲಿ ಪಲಿಮಾರಿಗೆ ಶ್ರೀರಾಮನೂ, ಸೋದೆಗೆ ಭೂವರಾಹನೂ, ಕಾಣಿಯೂರಿಗೆ ನರಸಿಂಹನೂ ಪಟ್ಟದ ದೇವರು. ಎಂಟು ಮಠದವರೂ ತಮ್ಮ ತಮ್ಮ ಪರ್ಯಾಯದಲ್ಲಿ 2 ವರ್ಷ ಪೂಜಿಸುವುದು ಶ್ರೀಕೃಷ್ಣನನ್ನು. ಉಪಾಸ್ಯನು ಬದಲಾದನೆಂದು ಯಾವ ಯತಿಗಳೂ ತಿಳಿಯುವುದಿಲ್ಲ. ಗ್ರಂಥ ಓದಲಾಗದವರೂ ಈ ಏರ್ಪಾಡನ್ನು ನೋಡಿ ರೂಪಗಳ ಅಭೇದವನ್ನು ತಿಳಿಯಬಹುದು.

ಕೋಪದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ದೈತ್ಯನು ಬಿದ್ದ ಮೇಲೆ ಸಿಂಹಾಸನದಲ್ಲಿ ಕುಳಿತ ಆ ರೂಪವನ್ನು ಸಮೀಪಿಸಲು ದೇವತೆಗಳು ಅಂಜಿದರು. ಮಹಾಲಕ್ಷ್ಮಿಯನ್ನು ಪ್ರಾರ್ಥಿಸಿದರೆ ಆಕೆಯೂ ಹತ್ತಿರ ಹೋಗಲಿಲ್ಲ. ಕೊನೆಗೆ ಬ್ರಹ್ಮದೇವರು ಪ್ರಹ್ಲಾದನನ್ನು ಕಳುಹಿದರು. ನಿತ್ಯಾವಿಯೋಗಿನಿಯಾದ ಲಕ್ಷ್ಮೀದೇವಿಗೆ ಭಯವೆಲ್ಲಿಯದು? ಭಕ್ತನ ಮಹಿಮೆ ಪ್ರಕಟವಾಗಲೆಂದು ಆಕೆ ನಿಂತಳೆಂದೇ ನಾವು ತಿಳಿಯಬೇಕು. ಹಿತ್ತಿಲಲ್ಲಿ ಹಾವು ಕಂಡಾಗ ಸೊಂಟದಲ್ಲಿ ಕೂಸನ್ನಿಟ್ಟುಕೊಂಡೇ ಕೋಲೆತ್ತುವ ತಾಯಿಯನ್ನು ನೋಡಿರಿ. ಅವಳ ಮುಖ ನೆರೆಯವರಿಗೆ ಭಯಂಕರ. ಕೂಸು ಮಾತ್ರ ಅವಳ ಸೆರಗನ್ನು ಎಳೆದು ಆಡುತ್ತಿರುತ್ತದೆ. ತಾಯಿಗಾದರೋ ಕೋಪ ನಿಜವಾಗಿಯೂ ಬಂದು ಹೋಗುತ್ತದೆ. ನಿರ್ದೋಷನಾದ ಶ್ರೀಹರಿಗೆ ಅಂತಹ ವಿಕಾರವೇ ಇಲ್ಲ. ಒಂದೇ ರೂಪವು ದುಷ್ಟನಿಗೆ ಉಗ್ರವಾಗಿಯೂ ಭಕ್ತನಿಗೆ ಆನಂದವಾಗಿಯೂ ತೋರಿತು. ಆದುದರಿಂದಲೇ ಪ್ರಹ್ಲಾದನು ತನ್ನ ಸ್ತುತಿಯಲ್ಲಿ, ಈ ದಾಡೆ, ಈ ಗರ್ಜನೆ, ಈ ಉಗುರುಗಳಿಗೆ ತಾನು ಅಂಜಲಾರೆನೆಂದೂ ಸಂಸಾರಚಕ್ರಕ್ಕೆ ಮಾತ್ರ ಅಂಜುವೆನೆಂದೂ ವಿಜ್ಞಾಪಿಸಿದನು. ನಮ್ಮ ಭಯದ ಕ್ರಮ ಇದಕ್ಕೆ ನೇರ ವಿರುದ್ಧವಾಗಿದೆ. ಉಗ್ರನರಸಿಂಹನ ಪಟವನ್ನು ಮನೆಯಲ್ಲಿಡಬಹುದೇ ಎಂದು ಕೇಳಿಕೊಂಡು ಬರುವವರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ; ಸಂಸಾರಕ್ಕೆ ಅಂಜಿ ಬಂದವರನ್ನು ಕಂಡದ್ದು ವಿರಳ.

ಹಲವು ವರ್ಷಗಳ ಹಿಂದೆ ಈ ಕಥೆಯನ್ನು ಹೇಳುತ್ತಿದ್ದಾಗ ಮುಂದೆ ಕುಳಿತಿದ್ದ ಬಾಲಕನೊಬ್ಬನು ಎದ್ದುನಿಂತು, 'ಈ ಮನೆಯ ಕಂಬದಲ್ಲಿಯೂ ಇದ್ದಾನೆಯೇ?' ಎಂದು ಕೇಳಿದನು. ಎಲ್ಲರೂ ನಕ್ಕರು; ನಾವೂ ನಕ್ಕು ಕಥೆಯನ್ನು ಮುಂದುವರಿಸಿದೆವು. ಮನೆಗೆ ಬಂದು ಯೋಚಿಸಿದಾಗ ನಾಚಿಕೆಯಾಯಿತು. ಹಿರಣ್ಯಕಶಿಪುವು ಕೇಳಿದ್ದು ಅದೇ ಪ್ರಶ್ನೆ. ಅವನು ಅಣಕಿಸಿ ಕೇಳಿದನು, ಬಾಲಕನು ನಂಬಿ ಕೇಳಿದನು. ಅಣಕಿಸುವ ಸರದಿ ನಮ್ಮದಾಗಿತ್ತು.

ಅಂದು ಹೇಳಬೇಕಾಗಿದ್ದ ಉತ್ತರ ಇಷ್ಟು: ಇದ್ದಾನೆ, ಆದರೆ ಕಂಬವೇ ಅವನಲ್ಲ. ಪ್ರಹ್ಲಾದನು ಕಂಬವನ್ನು ದೇವರೆನ್ನಲಿಲ್ಲ, ಕಂಬದಲ್ಲಿ ದೇವರಿದ್ದಾನೆಂದನು. ಕಂಬ ಒಡೆಯಿತು, ಅದರೊಳಗಿದ್ದವನು ಒಡೆಯಲಿಲ್ಲ. ಜಡಕ್ಕೂ ಈಶ್ವರನಿಗೂ ಇರುವ ಭೇದವನ್ನೂ, ಜಡದಲ್ಲಿ ಈಶ್ವರನ ಸನ್ನಿಧಾನವನ್ನೂ ಆ ಸಭೆಯಲ್ಲಿದ್ದವರು ಏಕಕಾಲದಲ್ಲಿ ಕಣ್ಣಾರೆ ಕಂಡರು. ನಮ್ಮ ಹೃದಯದ ಮಾತೂ ಹಾಗೆಯೇ. ಅಲ್ಲಿ ಬಿಂಬನಾಗಿ ಇರುವವನು ನೃಸಿಂಹನೇ. ಅಲ್ಲಿರುವ ಜೀವನು ಅವನಲ್ಲ.

ಜಯಂತಿಯ ಸಂಜೆ ಇಡೀ ಚರಿತ್ರೆಯನ್ನು ಪಾರಾಯಣ ಮಾಡಲು ಕಾಲಾವಕಾಶವಿಲ್ಲದವರು ಮೊದಲು ನಖಸ್ತುತಿಯನ್ನು ಪಠಿಸಿ, ಪ್ರಾದುರ್ಭಾವವಿರುವ 8ನೆಯ ಅಧ್ಯಾಯವನ್ನೂ ಪ್ರಹ್ಲಾದಸ್ತುತಿಯಿರುವ 9ನೆಯ ಅಧ್ಯಾಯವನ್ನೂ ಅರ್ಥಸಹಿತವಾಗಿ ಓದಬಹುದು. ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿರಿ. ಅವರು ನಡುವೆ ಪ್ರಶ್ನೆ ಕೇಳಿದರೆ ಪಾರಾಯಣವನ್ನು ನಿಲ್ಲಿಸಿಯಾದರೂ ಉತ್ತರ ಹೇಳಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥