ಗಾಜಿನ ತೊಟ್ಟಿಯಲ್ಲಿ ಜರೀಗಿಡ



ಘೋಡಬಂದರ್ ರಸ್ತೆಯ ನಮ್ಮಲ್ಲಿ ಅನೇಕರ ಮನೆಯ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಮುಖಮಾಡಿರುತ್ತದೆ. ಅಲ್ಲಿ ತುಳಸಿಯೂ ಸೊರಗುತ್ತದೆ. ಬೆಳಗ್ಗೆ ಲೋಕಲ್ ಹಿಡಿಯಲು ಹೊರಟವರು ರಾತ್ರಿ ಮರಳಿದಾಗ ಗಿಡಕ್ಕೆ ನೀರೆರೆಯುವ ತ್ರಾಣವೂ ಉಳಿದಿರುವುದಿಲ್ಲ. ಇಂಥ ಮನೆಯಲ್ಲಿಯೂ ಹಸುರನ್ನು ಸಾಕಬಹುದೇ? ಸಾಕಬಹುದು, ಮೀನಿನ ತೊಟ್ಟಿಯೊಳಗೆ.

ಮಲೆನಾಡಿನಿಂದ ಬಂದವರಿಗೆ ಜರೀಗಿಡ ಹೊಸದಲ್ಲ. ಹಳ್ಳದ ಬಂಡೆಗೂ ಬಾವಿಯ ಕಲ್ಲಿನ ಸಂದಿಗೂ ಅದು ಅಂಟಿಕೊಂಡಿರುತ್ತದೆ. ಅದಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿನ ಕಂದು ಚುಕ್ಕೆಗಳಲ್ಲಿ ಹುಟ್ಟುವ ಬೀಜಕಣಗಳಿಂದ ವಂಶ ಬೆಳೆಯುತ್ತದೆ. ಆದರೆ ಹೆಚ್ಚಿನ ಜರೀಗಿಡಗಳು ನೆಲದವು. ನೀರಿನಲ್ಲಿ ಮುಳುಗಿಸಿಟ್ಟರೆ ಕೊಳೆಯುತ್ತವೆ. ಮುಳುಗಿಯೂ ಬಾಳುವ ಕೆಲವೇ ಜಾತಿಗಳಲ್ಲಿ ‘ಜಾವಾ ಫರ್ನ್’ ಮುಖ್ಯವಾದುದು. ಹೆಸರು ಜಾವಾದ್ದಾದರೂ ಅದರ ತವರು ಆ ಒಂದು ದ್ವೀಪವಲ್ಲ. ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗೆ, ಕಾಡಿನ ತೊರೆಗಳ ನೆರಳಿನಲ್ಲಿ, ಕಲ್ಲುಗಳ ಮೇಲೆ ಅದು ಬೆಳೆಯುತ್ತದೆ. ಆದುದರಿಂದಲೇ ಅದಕ್ಕೆ ಮಬ್ಬು ಬೆಳಕು ಸಾಕು.

ನೆಡುವ ಕ್ರಮ: ಈ ಗಿಡದ ಕಾಂಡವು ಶುಂಠಿಯಂತೆ ಅಡ್ಡಲಾಗಿ ಹರಿಯುತ್ತದೆ. ಮೊದಲ ಸಲ ನಾನು ಇದನ್ನು ಬದನೆಯ ಸಸಿ ನೆಟ್ಟಂತೆ ಮರಳಿನಲ್ಲಿ ಹೂತೆ. ಕೆಲವು ವಾರಗಳಲ್ಲಿ ಕಾಂಡ ಕೊಳೆತು ಎಲೆಗಳು ಕಳಚಿಹೋದವು. ತಪ್ಪು ಗಿಡದ್ದಲ್ಲ, ನನ್ನದು. ಕಾಂಡವನ್ನು ಎಂದೂ ಹೂಳಬಾರದು. ಹತ್ತಿಯ ದಾರದಿಂದ ಕಲ್ಲಿಗೋ ಮರದ ತುಂಡಿಗೋ ಸಡಿಲವಾಗಿ ಕಟ್ಟಬೇಕು. ದಾರ ಕರಗುವ ವೇಳೆಗೆ ಬೇರು ತಾನೇ ಹಿಡಿದುಕೊಳ್ಳುತ್ತದೆ.

ಬೆಳಕು: ದಿನಕ್ಕೆ 6ರಿಂದ 8 ಗಂಟೆ ಸಾಕು. 9 ವಾಟಿನ ಎಲ್‌ಇಡಿ ದೀಪವನ್ನು ದಿನಕ್ಕೆ 7 ಗಂಟೆ ಉರಿಸಿದರೆ ತಿಂಗಳಿಗೆ ಎರಡು ಯೂನಿಟ್ ವಿದ್ಯುತ್ತೂ ತಗಲುವುದಿಲ್ಲ. ಹೆಚ್ಚು ಬೆಳಕು ಕೊಟ್ಟರೆ ಲಾಭ ಪಾಚಿಗೇ ಹೊರತು ಗಿಡಕ್ಕಲ್ಲ. ಪ್ರತ್ಯೇಕ ಗೊಬ್ಬರವೂ ಬೇಡ. ಮೀನಿನ ಮಲವೇ ಗೊಬ್ಬರ.

ನೀರು: ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿರಿ. ನಲ್ಲಿಯ ನೀರಿನ ಕ್ಲೋರಿನ್ ಮೀನಿಗೆ ವಿಷ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ದ್ರಾವಣವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿಯೇ ಸುರಿಯಬೇಕು. 20ರಿಂದ 28 ಡಿಗ್ರಿ ಉಷ್ಣತೆ ಗಿಡಕ್ಕೆ ಹಿತ. ಮೇ ತಿಂಗಳ ಸೆಕೆಯಲ್ಲಿ ಮುಚ್ಚಳ ತೆಗೆದು ಫ್ಯಾನಿನ ಗಾಳಿ ತಾಗಿಸಿದರೆ ನೀರು ಆವಿಯಾಗುತ್ತ ತಂಪಾಗುತ್ತದೆ.

ತಾಳ್ಮೆ: ತಂದ ಹೊಸದರಲ್ಲಿ ಹಳೆಯ ಎಲೆಗಳು ಕಂದಾಗಿ ಸಾಯಬಹುದು. ನೀರಿನ ಹೊರಗೆ ಬೆಳೆಸಿದ ಗಿಡಕ್ಕೆ ಇದು ಸಹಜ. ಕಾಂಡ ಗಟ್ಟಿಯಾಗಿ ಹಸುರಾಗಿದ್ದರೆ ಎಸೆಯಬೇಡಿರಿ. ಹೊಸ ಎಲೆ ಬರುತ್ತದೆ. ಎಲೆಯ ಬೆನ್ನಿನ ಸಾಲು ಚುಕ್ಕೆಗಳನ್ನು ರೋಗವೆಂದು ಕತ್ತರಿಸಲೂ ಬೇಡಿರಿ. ಮುಂದೆ ಎಲೆಯ ತುದಿಯಲ್ಲಿಯೇ ಬೇರುಸಹಿತ ಪುಟ್ಟ ಮರಿಗಿಡಗಳು ಹುಟ್ಟುತ್ತವೆ. ಅವನ್ನು ಬಿಡಿಸಿ ನೆರೆಯವರಿಗೆ ಕೊಡಬಹುದು. ಒಮ್ಮೆ ಕೊಂಡ ಗಿಡ ಹಲವು ಮನೆಗಳಿಗಾಗುತ್ತದೆ.

ಎರಡು ಎಚ್ಚರಿಕೆಗಳು. ಯೇವೂರಿನ ಕಾಡಿನಿಂದ ಗಿಡ ಕಿತ್ತು ತರಬಾರದು. ಅದು ಸಂರಕ್ಷಿತ ಅರಣ್ಯ. ಹೆಚ್ಚಾದ ಗಿಡವನ್ನಾಗಲಿ ಮೀನನ್ನಾಗಲಿ ಠಾಣೆಯ ಕೆರೆಗಳಿಗೆ ಎಸೆಯಲೂ ಬಾರದು. ದಕ್ಷಿಣ ಅಮೆರಿಕದ ತೇಲುವ ಜರೀಗಿಡ ಸಾಲ್ವೀನಿಯ ಕೇರಳದ ಗದ್ದೆ-ಕಾಲುವೆಗಳನ್ನು ಮುಚ್ಚಿ ರೈತರನ್ನೂ ದೋಣಿಯವರನ್ನೂ ಕಂಗೆಡಿಸಿತು. ಅದನ್ನು ತಿನ್ನುವ ಮೂತಿಹುಳವನ್ನು 1980ರ ದಶಕದಲ್ಲಿ ಹೊರದೇಶದಿಂದ ತರಿಸಬೇಕಾಯಿತು. ತೊಟ್ಟಿಯಲ್ಲಿ ಚೆಲುವಾದುದು ಕೆರೆಯಲ್ಲಿ ಕಂಟಕವಾಗಬಹುದು.

ದೀಪ ಆರಿಸುವ ಮುನ್ನ ಐದು ನಿಮಿಷ ತೊಟ್ಟಿಯ ಮುಂದೆ ಕುಳಿತು ನೋಡಿರಿ. ಊರಿನ ಹಳ್ಳ ದೂರವಿದ್ದರೂ, ಅದರ ಬಂಡೆಯ ಮೇಲಿನ ಹಸುರಿನ ಬಂಧು ಮನೆಯಲ್ಲಿರುತ್ತದೆ.

ಮನನಕ್ಕೆ: 1. ಜಾವಾ ಫರ್ನಿನ ಕಾಂಡವನ್ನು ಏಕೆ ಹೂಳಬಾರದು? 2. ಹೆಚ್ಚು ಬೆಳಕಿನಿಂದ ಯಾರಿಗೆ ಲಾಭ? 3. ಹೆಚ್ಚಾದ ಗಿಡವನ್ನು ಏನು ಮಾಡಬೇಕು?